ಹುಮನಾಬಾದಿನಲ್ಲಿ ಎಂಟು ತಾಸಿನ ನಿದ್ದೆ

ಆ ಪುಟವನ್ನು ನಾನು ಅಪಘಾತವಾದ ಮೇಲೆ ಬರೆದೆ.

ರೇಣುಕಾ ಅವರೇ, ನಿಮ್ಮ ತಂದೆ ಮಲ್ಲಪ್ಪನವರು ಆ ರಾತ್ರಿ ಹುಮನಾಬಾದಿನಲ್ಲಿ ಒಂಬತ್ತೂವರೆಯಿಂದ ಬೆಳಗಿನ ಐದೂವರೆಯವರೆಗೆ ಮಲಗಿದ್ದರು ಎಂದು ಲಾರಿ ಕಚೇರಿಯ ಪುಸ್ತಕದಲ್ಲಿ ಬರೆದವನು ನಾನು. ಅವರು ಮಲಗಿರಲಿಲ್ಲ. ಬರೆಯುವಾಗ ನನಗದು ಗೊತ್ತಿತ್ತು. ನ್ಯಾಯಾಲಯದಲ್ಲಿ ಅದೇ ಪುಟ ನೋಡಿ ನಿಜವೆಂದು ಹೇಳಿದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಮುಂದಿನದನ್ನು ನೀವು ಓದದಿದ್ದರೂ ಇಷ್ಟು ತಲುಪಿರಲಿ.

ನಾನೀಗ ಹೈದರಾಬಾದಿನಲ್ಲಿ ಒಂದು ಕನ್ನಡ ಪತ್ರಿಕೆಯ ವರದಿಗಾರ. ಸುಮಾರು ಹತ್ತು ವರ್ಷದ ಹಿಂದೆ, ತೆಲಂಗಾಣ ಹೊಸ ರಾಜ್ಯವಾದ ದಿನಗಳಲ್ಲಿ, ಕಾಚಿಗೂಡ ನಿಲ್ದಾಣದ ಹಿಂದಿನ ಗಲ್ಲಿಯ ಒಂದು ಲಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಿಮ್ಮ ತಂದೆ ಅಲ್ಲಿ ಚಾಲಕರು.

ಸರಕು ಲಾರಿಯ ಚಾಲಕನಿಗೆ ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ. ಐದು ತಾಸಾದ ಮೇಲೆ ಅರ್ಧ ತಾಸಾದರೂ ಬಿಡುವು ಕೊಡಬೇಕು. ಇದನ್ನೆಲ್ಲ ಬರೆದಿಡಬೇಕು. ನಮ್ಮ ಕಚೇರಿಯಲ್ಲಿ ಬರೆದಿಡುತ್ತಿದ್ದೆವು, ಒಂದು ದಿನವೂ ತಪ್ಪದೆ. ತಿಂಗಳ ಮೊದಲ ಸೋಮವಾರ ಚಾಲಕರೆಲ್ಲ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತ, ಇಡೀ ತಿಂಗಳ ಖಾಲಿ ಪುಟಗಳಿಗೆ ಒಂದೇ ಸಲ ಸಹಿ ಹಾಕುತ್ತಿದ್ದರು. ತಾಸುಗಳನ್ನು ಆಮೇಲೆ ನಾನು ತುಂಬುತ್ತಿದ್ದೆ. ನನ್ನ ಅಕ್ಷರ ದುಂಡಗೆ, ಚೆನ್ನಾಗಿತ್ತು. ತಪಾಸಣೆಗೆ ಬಂದವರು ಮೆಚ್ಚಿದ್ದೂ ಉಂಟು.

ನಿಜವಾದ ಸಮಯ ಬೇರೆ ಕಡೆ ಇರುತ್ತಿತ್ತು — ಚೀಟಿಗಳಲ್ಲಿ. ಚಾಲಕರು ಫೋನ್ ಮಾಡಿದಾಗ ಯಾರು, ಎಲ್ಲಿ, ಎಷ್ಟು ಗಂಟೆ ಎಂದು ಬರೆದು ಗೋಡೆಯ ಮೊಳೆಗೆ ಚುಚ್ಚುತ್ತಿದ್ದೆ. ಮಾಲು ಎಲ್ಲಿದೆ ಎಂದು ಪಾರ್ಟಿಗಳಿಗೆ, ಅಂದರೆ ಸರಕಿನ ವ್ಯಾಪಾರಿಗಳಿಗೆ, ಹೇಳಬೇಕಾಗುತ್ತಿತ್ತಲ್ಲ. ವಾರಕ್ಕೊಮ್ಮೆ ಅವು ಕಸಕ್ಕೆ ಹೋಗುತ್ತಿದ್ದವು.

ಅಪಘಾತದ ಹಿಂದಿನ ದಿನ ಬೆಳಗಿನ ಐದಕ್ಕೆ ನಿಮ್ಮ ತಂದೆ ವಿಜಯವಾಡ ಬಿಟ್ಟಿದ್ದರು. ಮಧ್ಯಾಹ್ನ ಕಚೇರಿಗೆ ಬಂದರು. ಹುಮನಾಬಾದಿಗೆ ಔಷಧದ ಡಬ್ಬಗಳು ಹೋಗಬೇಕಿತ್ತು. ಬೇರೆ ಚಾಲಕ ಇರಲಿಲ್ಲ.

“ಎರಡು ದಿನ ಆತ್ರಿ ಸಾಹೇಬ್ರ, ನಿದ್ದಿನ ಇಲ್ಲ. ಇವತ್ತೊಂದಿನ ನನ್ನ ಬಿಡ್ರಿ,” ಅಂದರು.

ನಾನು ಪುಸ್ತಕ ತೆರೆದು ತೋರಿಸಿದೆ. “ಇಲ್ಲಿ ನೋಡು ಮಲ್ಲಣ್ಣ, ದಿನಾ ಎಂಟು ತಾಸು ಮಲಗಾಕತ್ತಿ. ನಿನ್ನಷ್ಟು ನಿದ್ದಿ ಮಾಡೋ ಡ್ರೈವರ್ ಈ ಹೈದರಾಬಾದನ್ಯಾಗ ಇನ್ನೊಬ್ಬ ಇಲ್ಲ.”

“ಹಂಗಾರ ಸ್ಟೇರಿಂಗ್ ಆ ಪುಸ್ತಕದ ಕೈಯಾಗ ಕೊಡ್ರಿ. ನಾ ಇಲ್ಲೇ ಬೆಂಚಿನ ಮ್ಯಾಲ ಮಲಗ್ತೀನಿ.”

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ನಿಮ್ಮ ತಂದೆಯೂ ನಕ್ಕರು. ನಗುತ್ತಲೇ ಕೀಲಿ ತೆಗೆದುಕೊಂಡರು.

ಆ ಗಾಡಿಗೆ ಕ್ಲೀನರ್ ಇರಲಿಲ್ಲ. ಹುಮನಾಬಾದಿನಲ್ಲಿ ಡಬ್ಬ ಇಳಿಸುವುದು, ಆಮೇಲೆ ತೊಗರಿಬೇಳೆ ಚೀಲ ಹೇರುವುದು — ಎರಡನ್ನೂ ಚಾಲಕನೇ ನಿಂತು ಎಣಿಸಬೇಕು. ಬೆಳಿಗ್ಗೆ ಆರು ಇಪ್ಪತ್ತಕ್ಕೆ ಅವರು ನನ್ನ ಮೊಬೈಲಿಗೆ ಫೋನ್ ಮಾಡಿದರು. ಚೀಲ ಹೇರುವುದು ಈಗ ಮುಗಿಯಿತು, ರಾತ್ರಿಯಿಡೀ ನಿಂತೇ ಇದ್ದೆ ಅಂದರು. ಆಮೇಲೆ ಒಂದು ಮಾತು ಕೇಳಿದರು.

“ಜಹೀರಾಬಾದನ್ಯಾಗ ಗಾಡಿ ಬಾಜೂಕ್ ಹಚ್ಚಿ ಒಂದ್ ತಾಸು ಮಲಗ್ಲ್ಯಾ?”

“ಇಲ್ಲಿಗೆ ಬಂದು ಮಲಗು. ಪಾರ್ಟಿ ಕಾಯಾಕತ್ತಾರ,” ಅಂದೆ.

ಇದನ್ನು ಹೇಳು ಎಂದು ಯಾರೂ ನನಗೆ ಹೇಳಿರಲಿಲ್ಲ. ಮಾಲೀಕರು ಆಗಿನ್ನೂ ಎದ್ದಿರಲಿಲ್ಲ. ಆ ಮಾತು ಪೂರ್ತಿ ನನ್ನದು.

ಹತ್ತೂಕಾಲಿಗೆ, ಸಂಗಾರೆಡ್ಡಿ ದಾಟಿದ ಮೇಲೆ, ಲಾರಿ ರಸ್ತೆ ಬಿಟ್ಟು ಒಂದು ಚಹಾ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದವರ ಮೇಲೆ ಹೋಯಿತು. ಅತ್ತೆ ಮತ್ತು ಸೊಸೆ. ಆಸ್ಪತ್ರೆಗೆ ಹೊರಟಿದ್ದರು. ಇಬ್ಬರೂ ಅಲ್ಲೇ ತೀರಿಕೊಂಡರು. ಬ್ರೇಕು ಒತ್ತಿದ ಗುರುತು ರಸ್ತೆಯ ಮೇಲೆ ಇರಲಿಲ್ಲ.

ಆ ಹೊತ್ತಿಗೆ ನಿಮ್ಮ ತಂದೆ ಕೆಲಸಕ್ಕೆ ಹತ್ತಿ ಇಪ್ಪತ್ತೊಂಬತ್ತು ತಾಸು ದಾಟಿತ್ತು. ನಡುವೆ ಮಲಗಿದ್ದು, ವಿಜಯವಾಡದಿಂದ ಬರುವಾಗ, ಸೂರ್ಯಾಪೇಟೆಯಲ್ಲಿ ಒಂದು ತಾಸು.

ಸುದ್ದಿ ಬಂದದ್ದು ತಿಂಗಳ ಕೊನೆಯ ದಿನ; ಆ ಎರಡು ದಿನದ ಪುಟಗಳು ಮಾತ್ರ ಖಾಲಿ ಉಳಿದಿದ್ದವು. ಕೆಳಗೆ ಸಹಿ, ಮೇಲೆ ಏನೂ ಇಲ್ಲ. ಮಾಲೀಕರು ಬಂದು ನನ್ನ ಹಿಂದೆ ನಿಂತರು. “ತುಂಬಸು. ಇವು ಖಾಲಿ ಸಿಕ್ರ ನಾನೂ ಹೋದೆ, ನೀನೂ ಹೋದಿ.” ನಾನು ಬರೆದೆ. ಅಕ್ಷರ ಎಂದಿನಂತೆ ದುಂಡಗೇ ಬಂತು. ಆಮೇಲೆ ಮೊಳೆಯಿಂದ ಚೀಟಿಗಳನ್ನು ತೆಗೆದು ಹರಿದೆ. ಹರಿ ಎಂದು ಅವರು ಹೇಳಿದ ನೆನಪು ನನಗಿಲ್ಲ.

ಆ ಪುಟಗಳನ್ನು ಹಾಗೇ ಬಿಟ್ಟಿದ್ದರೆ — ಸಹಿ ಮಾತ್ರ ಇರುವ ಎರಡು ಖಾಲಿ ಪುಟ ಪೊಲೀಸರ ಕೈಗೆ ಸಿಕ್ಕಿದ್ದರೆ — ಹಿಂದಿನ ಎಲ್ಲ ಪುಟಗಳ ಸುಳ್ಳೂ ಹೊರಬೀಳುತ್ತಿತ್ತು. ನಿಮ್ಮ ತಂದೆ ನಿದ್ದೆಗೆಟ್ಟು ಓಡಿಸಿದ್ದು ಯಾರು ಕಳಿಸಿದ್ದರಿಂದ ಎಂದು ಯಾರಾದರೂ ಕೇಳುತ್ತಿದ್ದರು.

ವಿಚಾರಣೆಯಲ್ಲಿ ವಕೀಲರು ತೆಲುಗಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಅಕ್ಷರ ನಿಮ್ಮದೇ? ಹೌದು. ಯಾವಾಗ ಬರೆದಿರಿ? ಚಾಲಕ ಫೋನ್ ಮಾಡಿ ತಿಳಿಸಿದ ಕೂಡಲೇ.

ನಿಮ್ಮ ತಂದೆ ಕಟಕಟೆಯಲ್ಲಿದ್ದರು. ನನ್ನನ್ನು ನೋಡಲಿಲ್ಲ; ಸಹಿಯನ್ನು ತೋರಿಸಿದಾಗ ತಲೆಯಾಡಿಸಿದರು. ಎರಡು ವರ್ಷ ಶಿಕ್ಷೆಯಾಯಿತು. ಸಾಕಷ್ಟು ವಿಶ್ರಾಂತಿ ಪಡೆದೂ ಅಜಾಗರೂಕನಾಗಿ ಓಡಿಸಿದ್ದಾನೆ ಎಂದು ತೀರ್ಪಿನಲ್ಲಿ ಬಂತು. ಪತ್ರಿಕೆಯಲ್ಲೂ ಬಂತು. ಎಂಟು ತಾಸು ಮಲಗಿ ಎದ್ದವನು ಹಾಡಹಗಲು ರಸ್ತೆ ಬಿಟ್ಟು ಹೋಗಿದ್ದಾನೆ ಎಂದರೆ ಕುಡಿದಿರಲೇಬೇಕು — ನಿಮ್ಮೂರು ಹಾಗೆ ಲೆಕ್ಕ ಹಾಕಿತು. ಆಗ ಶಾಲೆಗೆ ಹೋಗುತ್ತಿದ್ದ ನೀವೂ ಹಾಗೆಯೇ ನಂಬಿದಿರಿ. ಅದು ನನಗೆ ತಿಳಿದದ್ದು ಈ ವರ್ಷ.

ಆ ಕಚೇರಿ ಬಿಟ್ಟು ನಾನು ಪತ್ರಿಕೆ ಸೇರಿದೆ. ಅಪಘಾತದ ಸುದ್ದಿಯಲ್ಲಿ ‘ಚಾಲಕನ ಅಜಾಗರೂಕತೆಯಿಂದ’ ಎಂದು ಯಾರಾದರೂ ಬರೆದರೆ, ಹೇಳಿದ್ದು ಯಾರು ಎಂದು ಕೇಳಿ ಹೊಡೆದುಹಾಕುತ್ತೇನೆ. ಬಹಳ ಕಟ್ಟುನಿಟ್ಟಿನ ಮನುಷ್ಯ ಎನ್ನುತ್ತಾರೆ. ನಾನು ಅವರನ್ನು ತಿದ್ದಿಲ್ಲ.

ಈ ವರ್ಷ ಕೂಕಟ್‌ಪಲ್ಲಿಯಲ್ಲಿ ಸಹೋದ್ಯೋಗಿಯೊಬ್ಬರ ಹೊಸ ಫ್ಲ್ಯಾಟಿಗೆ ಹೋದೆ. ಗೇಟಿನ ಕಾವಲುಗಾರ ಪುಸ್ತಕ ಮುಂದಿಟ್ಟು ಹೆಸರು, ಬಂದ ಸಮಯ ಬರೆಯಲು ಹೇಳಿದ. ಹನ್ನೊಂದು ಎಂದು ಬರೆದೆ.

“ಹನ್ನೊಂದಲ್ರಿ, ಹನ್ನೊಂದ ಹತ್ತು. ಖರೇ ಬರೀರಿ,” ಎಂಬ ಕನ್ನಡದ ಮಾತು ಕೇಳಿ ತಲೆಯೆತ್ತಿದೆ.

ಆ ಕಾವಲುಗಾರ ನಿಮ್ಮ ತಂದೆ. ಅವರೇ ಮೊದಲು ಗುರುತು ಹಿಡಿದರು. ಕೂರಲು ಕುರ್ಚಿ ಕೊಟ್ಟರು. ನಿಮ್ಮ ಮದುವೆ ಸೇಡಂನಲ್ಲಿ ಆಯಿತೆಂದೂ, ತಮ್ಮನ್ನು ಕರೆಯಲಿಲ್ಲವೆಂದೂ, ಏಕೆಂದೂ — ಯಾರದೋ ಮನೆಯ ಸಮಾಚಾರದಂತೆ ಹೇಳಿದರು. “ನಿಮ್ಮ ತಪ್ಪೇನೈತ್ರಿ ಸಾಹೇಬ್ರ. ನೀವು ಮದಲ ಬರದಿದ್ರಿ, ಹಿಂದಾಗಡೆ ಬದಲ ಮಾಡಾಕ ಹೆಂಗ ಬರ್ತದ. ಸಹಿ ನಂದ.”

ಪುಟ ಮೊದಲೇ ತುಂಬಿತ್ತು ಎಂದು ಅವರು ಇಷ್ಟು ವರ್ಷ ನಂಬಿದ್ದರು. ಅಂದು ನಾನು ಲಿಫ್ಟು ಹತ್ತಿ ಊಟಕ್ಕೆ ಹೋದೆ. ಹೌದು, ಊಟ ಮಾಡಿದೆ.

ಹೇಳಿದ್ದು ಹದಿನೆಂಟು ದಿನದ ನಂತರ, ಅದೇ ಗೇಟಿನಲ್ಲಿ. ಅವರು ಕೇಳಿದ್ದು ಒಂದೇ: “ಖಾಲಿ ಇತ್ತಾ?”

“ಖಾಲಿ ಇತ್ತು.”

ಕಾರೊಂದು ಹಾರ್ನ್ ಹೊಡೆಯಿತು. ಹೋಗಿ ಗೇಟು ತೆಗೆದರು, ಕಾರಿನ ನಂಬರು ಬರೆದರು, ಮುಚ್ಚಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದಾಗ ಕೈ ಅಡ್ಡ ಮಾಡಿದರು.

“ನನಗ ಬ್ಯಾಡ. ನನ್ನ ಮಗಳಿಗೆ ಬರದು ಕೊಡ್ರಿ. ನಾ ಬಾಯಿಲೆ ಹೇಳಿದ್ದು ಆಕಿ ನಂಬಲಿಲ್ಲ. ಬರದದ್ದು ನಂಬ್ತಾಳ.”

ಆದ್ದರಿಂದ ಬರೆಯುತ್ತಿದ್ದೇನೆ. ಚೀಟಿಗಳಿಲ್ಲ, ನನ್ನ ಮಾತಿಗೆ ನನ್ನದಲ್ಲದೆ ಬೇರೆ ಸಾಕ್ಷಿಯಿಲ್ಲ. ಒಬ್ಬನೇ ಹೇಳಿದ ಸುದ್ದಿಯನ್ನು ನಾನು ಪತ್ರಿಕೆಗೆ ಕೊಡುವುದಿಲ್ಲ, ನೀವೂ ನಂಬಲೇಬೇಕೆಂದಿಲ್ಲ. ಇದೇ ಸಂಗತಿಗಳನ್ನು ಪ್ರಮಾಣಪತ್ರವಾಗಿ ಬರೆದು ವಕೀಲರಿಗೆ ಕೊಟ್ಟಿದ್ದೇನೆ. ಸೋಮವಾರ ಅದು ನ್ಯಾಯಾಲಯಕ್ಕೆ ಹೋಗುತ್ತದೆ. ಸುಳ್ಳು ಸಾಕ್ಷಿಯ ಮೊಕದ್ದಮೆ ಬಂದರೆ ಒಪ್ಪಿಕೊಳ್ಳುತ್ತೇನೆ. ಪತ್ರಿಕೆಗೂ ತಿಳಿಸಿದ್ದೇನೆ. ತೀರಿಕೊಂಡ ಆ ಇಬ್ಬರ ಮನೆಯ ವಿಳಾಸ ತೀರ್ಪಿನಲ್ಲಿದೆ, ಅಲ್ಲಿಗೂ ಹೋಗಬೇಕು. ಅಲ್ಲಿ ಏನು ಹೇಳಬೇಕೋ — ಇನ್ನೂ ತೋಚಿಲ್ಲ.

ನಿಮ್ಮ ತಂದೆ ಎಂದೂ ಕುಡಿದವರಲ್ಲ. ಈಗ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಗೇಟಿನಲ್ಲಿರುತ್ತಾರೆ. ಆ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ. ಎಂಟಾದ ಮೇಲೆ ಎತ್ತುತ್ತಾರೆ.