ಅಜರುದ್ದೀನ್ ಅಳಿಸಿದ ಫೋಟೋಗಳು

ಕೌಲ್ ಬಜಾರ್‌ನ ತನ್ನ ಪುಟ್ಟ ಫೋಟೋ ಅಂಗಡಿಯಲ್ಲಿ ಅಜರುದ್ದೀನ್ ಕಂಪ್ಯೂಟರಿಗೆ ಆದೇಶ ಟೈಪ್ ಮಾಡುವುದನ್ನು ನೋಡಬೇಕು. ಫೋಲ್ಡರಿನ ಹೆಸರು ಎಷ್ಟೇ ಸರಳವಿರಲಿ, ಹಿಂದೊಂದು ಮುಂದೊಂದು ಉದ್ಧರಣ ಚಿಹ್ನೆ ಹಾಕದೆ ಅವನ ಬೆರಳು ಎಂಟರ್ ಕಡೆ ಹೋಗುವುದಿಲ್ಲ. ನೋಡಿದ ಹುಡುಗರು ಮುಸಿಮುಸಿ ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು.

ಹದಿನೈದು ವರ್ಷದ ಹಿಂದೆ ಅವನು ಬ್ರೂಸ್‌ಪೇಟೆಯ ಕೆಂಚಣ್ಣನ ಸ್ಟುಡಿಯೋದಲ್ಲಿದ್ದ. ಎಂಥ ದಿನಗಳವು! ಮುಹೂರ್ತದ ತಿಂಗಳುಗಳಲ್ಲಿ ಇಬ್ಬರೂ ಒಂದೇ ಬೈಕಿನಲ್ಲಿ ಊರೂರು ಸುತ್ತಿ, ಎಲ್ಲಿ ಎಲೆ ಹಾಕಿದರೋ ಅಲ್ಲೇ ಉಣ್ಣುತ್ತಿದ್ದರು. ಕೆಂಚಣ್ಣನದೊಂದು ಪದ್ಧತಿಯಿತ್ತು. ಗಿರಾಕಿಗಳಲ್ಲಿ ಯಾರಾದರೂ ತೀರಿಕೊಂಡರೆ ಅವರ ನೆಗೆಟಿವ್ ಲಕೋಟೆಯ ಮೇಲೆ ಕೆಂಪು ಶಾಯಿಯ ನಕ್ಷತ್ರ ಬರೆಯುವುದು. ಅದನ್ನು ಯಾರೂ ಎಸೆಯುವಂತಿಲ್ಲ. ಸ್ಟುಡಿಯೋಗೆ ಕಂಪ್ಯೂಟರ್ ಬಂದು, ವೈರಸ್ಸಿನ ಕಾಟಕ್ಕೆ ಬೇಸತ್ತು ಅದಕ್ಕೆ ಲಿನಕ್ಸ್ ಹಾಕಿಸಿದ ಮೇಲೂ ಫೋಲ್ಡರಿನ ಹೆಸರಿನ ಕೊನೆಗೆ ಅದೇ ನಕ್ಷತ್ರ, ಕೀಲಿಮಣೆಯ * ಗುರುತು.

ತನ್ನ ಹೆಂಡತಿ ಊರಮ್ಮ ತೀರಿಕೊಂಡಾಗಲೂ ಕೆಂಚಣ್ಣ ನಕ್ಷತ್ರ ಹಾಕಿದ, ಗೋಡೆಗೆ ತೂಗುಹಾಕಲು ತಿದ್ದಿದ ಒಂದು ಫೋಟೋ ಇದ್ದ ಫೋಲ್ಡರಿಗೆ. ಆಮೇಲೆ ಅವನಿಗೇ ಅದನ್ನು ನೋಡಲಾಗಲಿಲ್ಲ.

"ಆ ನಕ್ಷತ್ರದ್ದೊಂದು ತಗದುಬಿಡಪಾ ಅಜರೂ. ಉಳಿದಾವು ಇರ್ಲಿ" ಅಂದ.

ಊರಮ್ಮನ ಹೆಸರಿನಲ್ಲಿ ಉಳಿದವು ಮೂರು ಫೋಲ್ಡರುಗಳು. ಅವಳ ಫೋಟೋಗಳೆಲ್ಲ ಇದ್ದದ್ದು ಅವುಗಳಲ್ಲೇ; ಫೋಟೋದವನ ಮನೆಯಲ್ಲಿ ಒಂದು ಪ್ರಿಂಟೂ ಇರಲಿಲ್ಲ. ಅಜರುದ್ದೀನ್ ಅಳಿಸುವ ಆದೇಶ ಕೊಟ್ಟು, ಹೆಸರು ಬರೆದು, ಕೊನೆಗೆ ನಕ್ಷತ್ರ ಹಾಕಿ ಎಂಟರ್ ಒತ್ತಿದ. ಹಾಗೆ ಬರಿದಾಗಿ ಬರೆದ ನಕ್ಷತ್ರವನ್ನು ಕಂಪ್ಯೂಟರ್ ಹೆಸರಿನ ಭಾಗವೆಂದು ಓದುವುದಿಲ್ಲ. ಆ ಹೆಸರಿನಿಂದ ಶುರುವಾಗುವುದನ್ನೆಲ್ಲ ಎತ್ತಿಕೊಳ್ಳುತ್ತದೆ. ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದರೆ ಒಂದೇ ಹೋಗುತ್ತಿತ್ತು. ನಾಲ್ಕೂ ಹೋದವು. ಗೊತ್ತಾಗುವ ಹೊತ್ತಿಗೆ ಆ ಜಾಗದಲ್ಲಿ ಯಾರದೋ ಮದುವೆಯ ವಿಡಿಯೋ ತುಂಬಿಯಾಗಿತ್ತು.

ಕೆಂಚಣ್ಣ ಬೈಯಲಿಲ್ಲ. ಬೈದಿದ್ದರೆ ಅಜರುದ್ದೀನನ ಎದೆ ಅಷ್ಟು ಭಾರವಾಗುತ್ತಿರಲಿಲ್ಲ. ಮೂರು ತಿಂಗಳು ಪ್ರತಿ ಭಾನುವಾರ ಅವನು ಸಿರುಗುಪ್ಪ, ಕುರುಗೋಡಿನಲ್ಲಿ ಕೆಂಚಣ್ಣನ ನೆಂಟರ ಮನೆಗಳಿಗೆ ಹೋದ. ಕೆಂಚಣ್ಣನೇ ತೆಗೆದ ಮದುವೆ ಆಲ್ಬಮ್ಮುಗಳನ್ನು ತೊಡೆಯ ಮೇಲಿಟ್ಟುಕೊಂಡು, ಮದುಮಕ್ಕಳನ್ನು ಬಿಟ್ಟು ಅಂಚುಗಳಲ್ಲಿ ಹುಡುಕಿದ. ಒಂದರಲ್ಲಿ ಊರಮ್ಮ ಹೋಳಿಗೆ ಬಡಿಸುತ್ತಿದ್ದಳು. ಇನ್ನೊಂದರಲ್ಲಿ ಯಾರದೋ ಕೂಸನ್ನು ಸೊಂಟಕ್ಕೇರಿಸಿಕೊಂಡು, ಸೆರಗನ್ನು ಬಾಯಿಗಿಟ್ಟು ನಗುತ್ತಿದ್ದಳು. ಒಟ್ಟು ಹನ್ನೊಂದು ಸಿಕ್ಕವು. ಬೇಡಿ, ಕಾಡಿ ಎಲ್ಲವನ್ನೂ ಬಿಡಿಸಿಕೊಂಡು ತಂದ.

ಸ್ಟುಡಿಯೋದ ಮೇಜಿನ ಮೇಲೆ ಹರಡಿದಾಗ ಕೆಂಚಣ್ಣ ಒಂದೊಂದನ್ನೇ ಎತ್ತಿ ಬಾಗಿಲ ಬೆಳಕಿಗೆ ಹಿಡಿದ.

"ಇವೆಲ್ಲಾ ನಾನ ತಗದದ್ದು ಲೇ" ಅಂದ ಕೊನೆಗೆ. "ಮದುಮಕ್ಕಳು ಸರಿ ಬಂದಾರೋ ಇಲ್ಲೋ ಅಂತ ನೋಡಿದ್ನಿ. ಇಕಿ ಮೂಲ್ಯಾಗ ನಿಂತು ನನ್ನ ನೋಡಿ ನಗಾಕತ್ತಿದ್ದು ಒಮ್ಮೆನೂ ನೋಡ್ಲಿಲ್ಲ."