ವಿಮಾನದ ಷೆಡ್ಡಿನ ಅಡುಗೆ ಚಲುವಯ್ಯ

ಚಲುವಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು ಎಂದು ಕಟ್ಟೆಮಳಲವಾಡಿಯಲ್ಲಿ ಈಗಲೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ಸಿಟ್ಟು ಬರಿಸಿದವರು ಯಾರು ಎಂಬುದನ್ನೂ ಹೇಳಬೇಕಲ್ಲ!

ಊರಾಚೆ ಹೊಗೆಸೊಪ್ಪಿನ ಕಂಪನಿಯೊಂದು ತನ್ನದೇ ವಿಮಾನ ಇಳಿಸಲು ನೆಲ ಸಮ ಮಾಡಿಸಿತ್ತು. ಸೊಪ್ಪು ಕೊಳ್ಳುವ ದೊಡ್ಡ ಕುಳಗಳು ಬೆಂಗಳೂರಿನಿಂದ ಪುಟ್ಟ ವಿಮಾನದಲ್ಲಿ ಬರುತ್ತಿದ್ದರು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಪೈಲಟ್ಟಿಗೆ ತಿಳಿಯಲಿ ಅಂತ ಸಿದ್ದ ಎಂಬ ಆಳು ಹಸಿಸೊಪ್ಪು ಸುಟ್ಟು ಹೊಗೆ ಎಬ್ಬಿಸುತ್ತಿದ್ದ. ಬಂದವರನ್ನು ತಗಡಿನ ಷೆಡ್ಡಿನಲ್ಲಿ ಕೂರಿಸಿ ಉಪಚಾರ ಮಾಡುವುದು ಚಲುವಯ್ಯನ ಕೆಲಸ.

ಒಂಬತ್ತು ವರ್ಷ ಅದನ್ನೇ ಮಾಡಿದ್ದ. ಇಳಿದು ಬಂದವರಿಗೆ ಕೈಕಾಲಿಗೆ ಬಿಸಿನೀರು, ಆಮೇಲೆ ಹೊಟ್ಟೆ ತುಂಬ ಊಟ. ಹೊರಡುವವರಿಗೆ ಮಾತ್ರ ಒಂದು ಇಡ್ಲಿ, ಒಂದು ಲೋಟ ಶುಂಠಿ ಹಾಕಿದ ನೀರುಮಜ್ಜಿಗೆ, ಅಷ್ಟೇ. ಬಿಸಿಲೇರಿದ ಮೇಲೆ ವಿಮಾನ ಹಳ್ಳದ ದಾರಿಯ ಎತ್ತಿನ ಗಾಡಿಯಂತೆ ಕುಲುಕುತ್ತದೆ, ತುಂಬಿದ ಹೊಟ್ಟೆ ತಡೆಯುವುದಿಲ್ಲ ಎಂದು ಪೈಲಟ್ಟೇ ಮೊದಲ ವರ್ಷ ಹೇಳಿಕೊಟ್ಟಿದ್ದ. ಹೊರಟ ನೆಂಟರನ್ನು ತಡೆದು ಉಣ್ಣಿಸುವ ಊರಿನಲ್ಲಿ ಹುಟ್ಟಿದವನಿಗೆ ಕಡಿಮೆ ಬಡಿಸುವುದು ಕಷ್ಟವೇ. ಆದರೂ ಕಲಿತ. ಚಲುವಯ್ಯನ ಕೈಯಡುಗೆ ಉಂಡು ಯಾರೂ ಕಾಯಿಲೆ ಬಿದ್ದಿಲ್ಲ ಎಂಬ ಹೆಸರು ಬಿಟ್ಟರೆ ಅವನಿಗೆ ಬೇರೆ ಆಸ್ತಿ ಇರಲಿಲ್ಲ. ಆ ಹೆಸರಿನ ಮೇಲೆಯೇ ಮದುವೆ ಅಡುಗೆಗೆ ರಾವಂದೂರಿನಿಂದಲೂ ಕರೆ ಬರುತ್ತಿತ್ತು.

ಅರವತ್ತೊಂಬತ್ತನೆಯ ಇಸವಿಯಲ್ಲಿ ರುದ್ರಸ್ವಾಮಿ ಎಂಬ ಹೊಸ ಮ್ಯಾನೇಜರು ಬಂದ. ಮೈಸೂರಿನ ಯಾವುದೋ ಹೋಟೆಲಿನಲ್ಲಿ ಮೂರು ತಿಂಗಳು ಇದ್ದನಂತೆ. ಅಷ್ಟಕ್ಕೇ ಅತಿಥಿ ಸತ್ಕಾರವನ್ನು ಸುಧಾರಿಸಲು ಹೊರಟ. ಕಿಟಕಿಗೆ ಪರದೆ ಬಂತು, ಚಲುವಯ್ಯನಿಗೆ ಬಿಳಿ ಕೋಟು ಬಂತು. ಅತಿಥಿಗಳು ಅಭಿಪ್ರಾಯ ಬರೆಯಲೆಂದು ದಪ್ಪ ರಟ್ಟಿನ ಪುಸ್ತಕ ಬಂತು. ಆಳುಗಳು ಬೆತ್ತದ ಕುರ್ಚಿಯಲ್ಲಿ ಕೂರಕೂಡದು, ಕೇಳದೆ ಬಾಯಿ ಬಿಡಕೂಡದು ಎಂದಾಯಿತು. ಅದನ್ನೆಲ್ಲ ಚಲುವಯ್ಯ ಹಲ್ಲು ಕಚ್ಚಿ ಸಹಿಸಿಕೊಂಡ. ಸಹಿಸಲಾಗದ್ದು ಕೊನೆಯ ಅಪ್ಪಣೆ: ಹೊರಡುವ ಅತಿಥಿಗಳಿಗೂ ಪೂರಿ ಸಾಗು, ಉದ್ದಿನ ವಡೆ, ತುಪ್ಪ ತೇಲುವ ಕೇಸರಿಬಾತು ಬಡಿಸಬೇಕು!

"ಸ್ವಾಮಿ, ಇಳ್ದು ಬಂದೋರ್ಗೆ ಎಷ್ಟಾದ್ರೂ ಉಣ್ಣಿಸ್ತೀನಿ. ಮ್ಯಾಲಕ್ಕೋಗೋರ್ಗೆ ಬ್ಯಾಡಿ," ಎಂದ ಚಲುವಯ್ಯ.

"ನೀನು ಅಡುಗೆಯವನು. ಹೇಳಿದ್ದು ಬಡಿಸು," ಎಂದ ರುದ್ರಸ್ವಾಮಿ.

ಬಡಿಸಿದ. ಆ ವಾರವೇ ಬೆಂಗಳೂರಿಗೆ ಹೊರಟ ವ್ಯಾಪಾರಿಯೊಬ್ಬನ ಹೆಂಡತಿ ಎಲ್ಲವನ್ನೂ ಮೆಚ್ಚಿ ತಿಂದು ವಿಮಾನ ಹತ್ತಿದಳು. ಹದಿನೈದು ನಿಮಿಷದಲ್ಲಿ ವಿಮಾನ ವಾಪಸು ಬಂತು. ಆ ಹೆಂಗಸನ್ನು ಇಬ್ಬರು ಹಿಡಿದು ಇಳಿಸಿದರು. ಸೀರೆ, ಸೀಟು, ಗಂಡನ ಷರಾಯಿ ಎಲ್ಲ ವಾಂತಿಮಯ.

ಅಡುಗೆಯೇ ಕೆಟ್ಟಿತ್ತು, ಇವನು ಹಳಸಿದ ಎಣ್ಣೆಯಲ್ಲಿ ಕರಿದಿದ್ದಾನೆ ಎಂದು ರುದ್ರಸ್ವಾಮಿ ಎಲ್ಲರೆದುರು ಕೂಗಾಡಿದ. ಅಷ್ಟಕ್ಕೆ ನಿಲ್ಲಿಸದೆ ರಟ್ಟಿನ ಪುಸ್ತಕದಲ್ಲೂ ಅದನ್ನೇ ಬರೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಚಲುವಯ್ಯನ ಕಿವಿ ಬಿಸಿಯಾಯಿತು. ಕೆಲಸ ಹೋದರೆ ಹೋಗಲಿ, ಎಲ್ಲಾದರೂ ಬೇಯಿಸಿಕೊಂಡು ತಿಂದಾನು. ಅಡುಗೆ ಕೆಟ್ಟದ್ದು ಎಂಬ ಮಾತು ಊರು ಮುಟ್ಟಿದರೆ ಬೇಯಿಸು ಎಂದು ಕರೆಯುವವರಾದರೂ ಯಾರು? ಅವನು ಒಳಗೆ ಹೋಗಿ, ಉಳಿದಿದ್ದ ವಡೆ, ಪೂರಿ, ಕೇಸರಿಬಾತನ್ನೆಲ್ಲ ಒಂದೇ ತಟ್ಟೆಗೆ ಸುರಿದುಕೊಂಡು ಬಂದ. ಬೆತ್ತದ ಕುರ್ಚಿಯಲ್ಲಿ ಕೂತ.

ಏಳು ಎಂದು ಮ್ಯಾನೇಜರು ಅರಚಿದ.

"ಕೆಟ್ಟದ್ದು ಅಂದ್ರಲ್ಲ, ನೋಡ್ತಾ ನಿಂತ್ಕಳಿ," ಎಂದು ಚಲುವಯ್ಯ ತಿನ್ನತೊಡಗಿದ.

ಆರು ವಡೆ ತಿಂದ. ಪೂರಿ ಮುಗಿಸಿದ. ತಣ್ಣಗಾಗಿ ಗಟ್ಟಿಯಾದ ಕೇಸರಿಬಾತನ್ನು ಬೆರಳಲ್ಲಿ ಬಳಿದು ತಿಂದ. ಪೈಲಟ್ಟು, ವ್ಯಾಪಾರಿ, ಸಿದ್ದ ಎಲ್ಲರೂ ನೋಡುತ್ತಲೇ ಇದ್ದರು. ಒಂದು ಗಂಟೆ ಕಳೆದರೂ ಚಲುವಯ್ಯನಿಗೆ ಒಂದು ತೇಗು ಬಂದದ್ದು ಬಿಟ್ಟರೆ ಏನೂ ಆಗಲಿಲ್ಲ. ಅಷ್ಟರಲ್ಲಿ ಆ ಹೆಂಗಸು ಅವನದೇ ಶುಂಠಿ ಮಜ್ಜಿಗೆ ಕುಡಿದು ಎದ್ದು ಕೂತಿದ್ದಳು.

ರುದ್ರಸ್ವಾಮಿ ಅವನನ್ನು ಮೂಲೆಗೆ ಕರೆದು ದನಿ ತಗ್ಗಿಸಿದ. ಅಡುಗೆ ಕೆಟ್ಟಿರಲಿಲ್ಲ, ಒಪ್ಪಿದೆ, ಕೆಲಸದಲ್ಲೇ ಇರು ಎಂದ. ಪುಸ್ತಕದಲ್ಲಿ ಬರೆದದ್ದು ಮಾತ್ರ ಹಾಗೇ ಇರಲಿ, ಹೆಡ್ಡಾಫೀಸಿಗೆ ಒಂದು ಕಾರಣ ಕೊಡಬೇಕಲ್ಲ ಎಂದ.

ಚಲುವಯ್ಯ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡು ಮ್ಯಾನೇಜರನ ಇಂಗ್ಲಿಷಿನ ಕೆಳಗೇ ದಪ್ಪ ಕನ್ನಡ ಅಕ್ಷರದಲ್ಲಿ ಬರೆದ: 'ಇದೇ ವಡೆ ನಾನು ಆರು ತಿಂದೆ. ಏನೂ ಆಗಲಿಲ್ಲ. ವಿಮಾನ ಹತ್ತುವವರಿಗೆ ಬೇಡ ಅಂದಿದ್ದೆ. ಬಡಿಸು ಅಂದವರು ಮ್ಯಾನೇಜರು. ಅಡುಗೆ ಚಲುವಯ್ಯ.'

ಆ ಹಾಳೆಯನ್ನು ರುದ್ರಸ್ವಾಮಿ ಹರಿಯುವಂತಿರಲಿಲ್ಲ. ಹರಿದರೆ ತಾನು ಬರೆದದ್ದೂ ಹೋಗುತ್ತಿತ್ತು, ನೋಡಲು ವ್ಯಾಪಾರಿಯೂ ಎದುರಿಗೇ ಇದ್ದ. ಚಲುವಯ್ಯ ಬಿಳಿ ಕೋಟು ಬಿಚ್ಚಿ ಬೆತ್ತದ ಕುರ್ಚಿಗೆ ನೇತುಹಾಕಿ ಊರ ಕಡೆ ನಡೆದ. ಹೊಟ್ಟೆ ಭಾರವಾಗಿತ್ತು. ಸಿಟ್ಟು ಇನ್ನೂ ಇಳಿದಿರಲಿಲ್ಲ.