ಗುಂಡುಕಲ್ಲು ಮೊದಲು ಮಲಗಿದ ಮಂಚ

ಐವತ್ತೈದೋ ಐವತ್ತಾರೋ ಇಸವಿ ಇರಬೇಕು. ಗುಂಡ್ಲುಪೇಟೆಯಲ್ಲಿ ನಮ್ಮದು ಒಂದೇ ಕೋಣೆಯ ಹೆಂಚಿನ ಮನೆ. ಆ ವರ್ಷದ ಮಳೆಗೆ ನೆಲವೆಲ್ಲ ತೇವ ಹಿಡಿದು, ಒಂದು ಬೆಳಿಗ್ಗೆ ಮಗನ ಚಾಪೆ ಸುತ್ತುವಾಗ ಅಡಿಯಲ್ಲಿ ಚೇಳು ಕಂಡಿತು. ಇನ್ನು ನನ್ನ ಮಕ್ಕಳು ನೆಲದ ಮೇಲೆ ಮಲಗಕೂಡದು ಅಂದುಕೊಂಡೆ. ಆದರೆ ಎರಡು ಮಂಚ ಹಾಕಿದರೆ ಒಲೆಯ ಹತ್ತಿರ ಹೋಗಲು ದಾರಿಯೇ ಇರುವುದಿಲ್ಲ. ಮೈಸೂರಿನ ರೈಲಿನಲ್ಲಿ ಸಾಮಾನಿಡುವ ಮೇಲಿನ ಹಲಗೆಯಲ್ಲಿ ಜನ ಕಾಲು ಚಾಚಿ ಮಲಗಿದ್ದನ್ನು ನೋಡಿದ್ದೆ. ಹಾಗೇ ಒಂದರ ಮೇಲೊಂದು ಮಂಚ ಮಾಡಿದರೆ ಹೇಗೆ ಎನ್ನಿಸಿತು.

ಚಾಮರಾಜನಗರದ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅಂಥದೇ ಕಬ್ಬಿಣದ ಮಂಚ ಸಿಕ್ಕಿತು. ಕಾಲು ಹಿಡಿದು ಅಲ್ಲಾಡಿಸಿದೆ, ಕಟಕಟ ಅಂದಿತು. ಇದರ ಮೇಲೆ ಸಿಪಾಯಿಗಳೇ ಮಲಗಿದ್ದಾರೆ ಅಂದ ಅಂಗಡಿಯವನು. ಸಿಪಾಯಿ ಬಿದ್ದರೆ ಸರ್ಕಾರ ನೋಡಿಕೊಳ್ಳುತ್ತದೆ, ನನ್ನ ಮಕ್ಕಳು ಬಿದ್ದರೆ ನಾನೇ ನೋಡಬೇಕಲ್ಲ ಎಂದು ಹೇಳಿ ಹೊರಟು ಬಂದೆ.

ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವನು. ಅಲ್ಲಿಂದಾಚೆಗೆ ಮದ್ದೂರು ಕಾಡಿನ ದಿಮ್ಮಿಗಳನ್ನು ಗಾಡಿಗೆ ಹೇರಿಯೇ ಹೊಟ್ಟೆ ಹೊರೆದದ್ದು. ಯಾವ ಮರ ಎಷ್ಟು ತಡೆಯುತ್ತದೆ ಅನ್ನುವುದು ನನ್ನ ಹೆಗಲಿಗೆ ಗೊತ್ತು. ಬೇಗೂರಿನ ಆಚಾರಿ ಬೂರುಗದ ಹಲಗೆ ತೋರಿಸಿದ, ಮೆದು ಮರ ಬೇಡವೆಂದೆ. ಕಾಲಿಗೆ ಮತ್ತಿ, ಹಲಗೆಗೆ ಹಲಸು ನಾನೇ ಆರಿಸಿದೆ. ಬರೀ ಮೊಳೆ ನಂಬದೆ, ತೂತು ಕೊರೆಸಿ ಬೆಣೆ ಹೊಡೆಸಿದೆ. ಮೇಲಿನ ಮಂಚದ ಸುತ್ತ ಒಂದು ಅಡ್ಡಪಟ್ಟಿಯನ್ನೂ ಹಾಕಿಸಿದೆ. ಮನೆಗೆ ತಂದು ಜೋಡಿಸಿ, ನಾನೂ ಆಚಾರಿಯೂ ಮೇಲೆ ಹತ್ತಿ ಕುಲುಕಾಡಿದರೂ ಮಂಚ ಜಪ್ಪಯ್ಯ ಅನ್ನಲಿಲ್ಲ. ನನಗೆ ಎದೆ ಉಬ್ಬಿಹೋಯಿತು.

ಹೆಂಡತಿ ಮಾತ್ರ ಮಗಳನ್ನು ಮೇಲಿನ ಮಂಚಕ್ಕೆ ಹತ್ತಲು ಬಿಡಲಿಲ್ಲ. ಚಾಪೆಯ ಮೇಲೆ ಮಲಗಿ, ನಿದ್ದೆಯಲ್ಲೇ ಉರುಳಿ, ಬೆಳಿಗ್ಗೆ ಒಲೆಯ ಪಕ್ಕದಲ್ಲಿ ಏಳುವ ಹುಡುಗಿ ಅದು. ನಾಮಕರಣದಲ್ಲಿ ತೊಟ್ಟಿಲಿಗೆ ಮೊದಲು ಗುಂಡುಕಲ್ಲನ್ನು ಮಲಗಿಸಿ ಆಮೇಲೆ ತಾನೇ ಮಗುವನ್ನು ಹಾಕುವುದು, ಇದಕ್ಕೂ ಹಾಗೇ ಆಗಲಿ ಅಂದಳು.

"ಕಲ್ಗೆ ಏನಂತ ಹೆಸ್ರಿಡ್ತೀಯವ್ವ?" ಎಂದು ಆಚಾರಿ ನಕ್ಕ.

ಅವಳು ನಗಲಿಲ್ಲ. ಮಕ್ಕಳನ್ನು ಹೊರಗೆ ಕಳಿಸಿ, ಒರಳಿನ ಗುಂಡುಕಲ್ಲಿಗೆ ಮಗಳ ಹಳೇ ಲಂಗ ಸುತ್ತಿ ಮೇಲಿನ ಮಂಚದಲ್ಲಿ ಅಡ್ಡಡ್ಡ ಮಲಗಿಸಿದಳು. ಆಮೇಲೆ ಅಂಗೈಯಿಂದ ಮೆಲ್ಲಗೆ ನೂಕಿದಳು. ಕಲ್ಲು ಉರುಳಿ, ಅಡ್ಡಪಟ್ಟಿಯ ಕೆಳಗೇ ನುಸುಳಿ, ದಡ್ಡನೆ ಬಿದ್ದು ನೆಲದಲ್ಲಿ ಕುಳಿ ಮಾಡಿತು.

ನನಗೆ ರೇಗಿತು. "ಕಲ್ಗೇನ್ ಕೈಯಿದ್ದದಾ? ಕೂಸಾದ್ರೆ ಪಟ್ಟಿ ಇಡ್ಕತದೆ" ಅಂದೆ.

"ನಿದ್ದೆ ಬಂದ್ಮೇಲೆ ಕೂಸ್ಗೂ ಕೈ ಇರಕಿಲ್ಲ ಕಣಿ" ಅಂದಳು ಅವಳು.

ಆಚಾರಿಯ ನಗು ನಿಂತಿತು. ಹಲಗೆಗೂ ಪಟ್ಟಿಗೂ ನಡುವೆ ಗೇಣು ಹಾಕಿ ನೋಡಿದ. ಪೂರ್ತಿ ಗೇಣು ಹಿಡಿಯಿತು. ಭಾರಕ್ಕೆ ಏನು ಬೇಕೋ ಅಷ್ಟನ್ನೇ ನಾನು ನೋಡಿದ್ದು, ಸಂದನ್ನು ಅಲ್ಲ. ಉಳಿದಿದ್ದ ಹಲಸಿನ ತುಂಡನ್ನು ಸೀಳಿಸಿ, ಆ ಸಂದು ಮುಚ್ಚುವಂತೆ ಇನ್ನೊಂದು ಪಟ್ಟಿ ಹೊಡೆಸಿದೆ. ಈ ಸಲ ಕಲ್ಲನ್ನು ನಾನೇ ನೂಕಿದೆ, ಅವಳಿಗಿಂತ ಜೋರಾಗಿ. ಹೊಸ ಪಟ್ಟಿಗೆ ಬಡಿದು ಅಲ್ಲೇ ನಿಂತಿತು.

ಅವಳು ಲಂಗ ಬಿಚ್ಚಿ, ಮಡಿಸಿ ಮೇಲೆ ತಲೆದಿಂಬಿಗೆ ಇಟ್ಟಳು. "ಈಗ ಮೇಲಕ್ಕೆ ಅತ್ತು ಕಣಮ್ಮಿ" ಅಂದಳು, ಹೊರಗಿದ್ದ ಮಗಳನ್ನು ಕರೆದು.

ಬೆಳಿಗ್ಗೆ ಎದ್ದು ನೋಡಿದರೆ ಮಗಳ ತಲೆ ಇರಬೇಕಾದ ಕಡೆ ಕಾಲು. ಬೆನ್ನು ಹೊಸ ಪಟ್ಟಿಗೆ ಒರಗಿತ್ತು. ಒಳ್ಳೆಯ ನಿದ್ದೆ. ಹೆಂಡತಿ ಅದನ್ನು ನೋಡಿ, ಅದೇ ಗುಂಡುಕಲ್ಲು ಹಿಡಿದು ಚಟ್ನಿ ರುಬ್ಬಲು ಕೂತಳು.